ಪುಟಕ್ಕೊಂದು ಸೆಕೆಂಡು, ಒಟ್ಟು 32 ವರ್ಷ

ಸಾಧಾರಣ ಎ4 ಹಾಳೆಯ ತೂಕ 5 ಗ್ರಾಂ. ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಊದಿದರೆ ಹಾರಿಹೋಗುವ ವಸ್ತು. ಅದನ್ನು ಸ್ಕ್ಯಾನರ್ ಮೇಲಿಟ್ಟು ಗುಂಡಿ ಒತ್ತಲು ಯಾವ ಯೋಜನೆಯೂ ಬೇಕಿಲ್ಲ. ಆದರೆ ಕರ್ನಾಟಕದ ಕಂದಾಯ ಇಲಾಖೆ ಕೈಹಾಕಿರುವುದು ಒಂದು ಹಾಳೆಗಲ್ಲ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಗಂಟುಕಟ್ಟಿಟ್ಟ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿಡುವ ‘ಭೂ ಸುರಕ್ಷಾ’ ಯೋಜನೆಯ ಗುರಿ, ಇಲಾಖೆಯ ಅಂದಾಜಿನಂತೆ, ಸುಮಾರು 100 ಕೋಟಿ ಪುಟ!

ನೂರು ಕೋಟಿ ಎಂದರೆ ಎಷ್ಟು ದೊಡ್ಡದು? ಇದೇ ಇಲಾಖೆ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ದೇಶವೇ ತಿರುಗಿ ನೋಡಿತ್ತು. ಈಗಿನ ರಾಶಿ ಸಂಖ್ಯೆಯಲ್ಲಿ ಅದರ 50 ಪಟ್ಟು. ದೆಹಲಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರ 1891ರಿಂದ ಜೋಪಾನ ಮಾಡುತ್ತ ಬಂದಿರುವ ಸರ್ಕಾರಿ ದಾಖಲೆಗಳು 34 ಕೋಟಿ ಪುಟಗಳಿಗಿಂತ ಹೆಚ್ಚು. ನಮ್ಮ ತಾಲ್ಲೂಕು ಕಚೇರಿಗಳ ಕತ್ತಲೆ ಕೋಣೆಗಳಲ್ಲಿ ಅದರ ಮೂರರಷ್ಟು ಕಾಗದ ಕೂತಿದೆ.

ಮೊದಲು ತೂಗಿ ನೋಡೋಣ. ಹಾಳೆಯ ಎರಡೂ ಮಗ್ಗುಲಲ್ಲಿ ಬರಹವಿದೆ ಎಂದು ಹಿಡಿದರೆ 100 ಕೋಟಿ ಪುಟಕ್ಕೆ 50 ಕೋಟಿ ಹಾಳೆ. ತಲಾ 5 ಗ್ರಾಮಿನಂತೆ 2,500 ಟನ್. ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೋ. ಅಂಬಾರಿಯಿಳಿಸಿ ಅಷ್ಟೇ ತೂಕದ ಕಡತಗಳನ್ನು ಆನೆಯ ಬೆನ್ನಿಗೇರಿಸಿ ವರ್ಷಕ್ಕೊಂದು ಜಂಬೂಸವಾರಿಯಂತೆ ಸಾಗಿಸಿದರೆ, ರೆಕಾರ್ಡ್ ರೂಮುಗಳು ಖಾಲಿಯಾಗಲು 3,333 ದಸರಾ ಬೇಕು.

ಹಾಳೆಗಳನ್ನು ಉದ್ದಕ್ಕೆ ಒಂದರ ತುದಿಗೆ ಒಂದು ಹಾಸಿದರೆ 1,48,500 ಕಿಲೋಮೀಟರ್. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಮೂರು ಸುತ್ತು ಮುಗಿದು ನಾಲ್ಕನೆಯದರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ದಾರಿ ಸವೆದಿರುತ್ತದೆ. ಒಂದರ ಮೇಲೊಂದು ಪೇರಿಸಿದರೆ 50 ಕಿಲೋಮೀಟರ್ ಎತ್ತರ. ವಿಮಾನಗಳು ಹಾರುವುದು ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ. ನಮ್ಮ ಕಾಗದದ ಕಂಬ ಅದರ ನಾಲ್ಕೂವರೆ ಪಟ್ಟು ಮೇಲಕ್ಕೆ ಹೋಗಿರುತ್ತದೆ.

ಇನ್ನು ಕಾಲದ ಲೆಕ್ಕ. ಹಳೆಯ ಕಾಗದವನ್ನು ಹೊಸ ಕಾಗದದಂತೆ ಯಂತ್ರದ ಬಾಯಿಗೆ ಸುರಿಯುವಂತಿಲ್ಲ. ಗಂಟಿನ ಬಟ್ಟೆ ಬಿಚ್ಚಬೇಕು, ದಾರ ಸಡಿಲಿಸಬೇಕು, ಕುಂಚದಿಂದ ಧೂಳು ಒರೆಸಬೇಕು. ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡ ಗುಂಡುಸೂಜಿಯನ್ನು ಹಾಳೆ ಹರಿಯದಂತೆ ಬಿಡಿಸಬೇಕು. ನಾಲ್ಕಾಗಿ ಮಡಿಸಿದ ಸರ್ವೆ ನಕ್ಷೆಯ ಮಡಿಕೆ ತೆರೆಯುವಾಗ ಉಸಿರು ಬಿಗಿಹಿಡಿಯಬೇಕು, ಮಡಿಕೆಯ ಗೆರೆಯಲ್ಲೇ ಅದು ಎರಡು ತುಂಡಾದೀತು. ಒಬ್ಬರು ಒಂದು ಯಂತ್ರದ ಮುಂದೆ ಕೂತು ದಿನಕ್ಕೆ 1,000 ಪುಟ ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ದಿನದಲ್ಲಿ ಪುಟಕ್ಕೆ ಸಿಗುವುದು 29 ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲೇ ಬಿಚ್ಚುವುದು, ಒರೆಸುವುದು, ಇಡುವುದು, ತೆಗೆಯುವುದು ಎಲ್ಲ ಆಗಬೇಕು.

ಈ ವೇಗದಲ್ಲಿ, ವರ್ಷಕ್ಕೆ 300 ದಿನ ದುಡಿದರೆ, 100 ಕೋಟಿ ಪುಟಕ್ಕೆ ಒಬ್ಬ ಮನುಷ್ಯನಿಗೆ 3,333 ವರ್ಷ ಬೇಕು. ಅಂಬಾರಿಯ ಲೆಕ್ಕದಲ್ಲಿ ಬಂದ ಸಂಖ್ಯೆಯೇ ಮತ್ತೆ ಬಂತು, ಕಾಕತಾಳೀಯವೇ ಇರಬೇಕು, ಆದರೂ ಖುಷಿಯಾಗುತ್ತದೆ. ಇವತ್ತು ಕೆಲಸ ಮುಗಿಯಬೇಕಿದ್ದರೆ ಈಜಿಪ್ಟಿನಲ್ಲಿ ತೂತನ್‌ಖಾಮನ್‌ನನ್ನು ಸಮಾಧಿ ಮಾಡಿದ ಆಸುಪಾಸಿನಲ್ಲಿ ಶುರುಮಾಡಬೇಕಿತ್ತು! ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತುವ ಹೊತ್ತಿಗೆ ಮೂರನೇ ಒಂದು ಭಾಗವೂ ಆಗಿರುತ್ತಿರಲಿಲ್ಲ. ಹಲ್ಮಿಡಿ ಶಾಸನದ ಕಾಲಕ್ಕೆ ಅರ್ಧ ದಾಟಿರುತ್ತಿತ್ತು, ಅಷ್ಟೆ.

ಗುಣಾಕಾರ ಹೆದರಿಸುತ್ತದೆ ನಿಜ, ಅದೇ ಗುಣಾಕಾರ ಕೈಯನ್ನೂ ಹಿಡಿಯುತ್ತದೆ. ರಾಜ್ಯದಲ್ಲಿ ಸುಮಾರು 240 ತಾಲ್ಲೂಕುಗಳಿವೆ. ತಾಲ್ಲೂಕಿಗೆ ಐದು ಜನ, ಐದು ಯಂತ್ರ ಕೊಡಿ. 1,200 ಜನ ದಿನಕ್ಕೆ 12 ಲಕ್ಷ ಪುಟ ಮುಗಿಸುತ್ತಾರೆ. ಒಂದೇ ದಿನ ಸ್ಕ್ಯಾನ್ ಆದ ಹಾಳೆಗಳನ್ನು ಸಂಜೆ ಒಟ್ಟಿದರೆ 60 ಮೀಟರ್, ವಿಜಯಪುರದ ಗೋಳಗುಮ್ಮಟಕ್ಕಿಂತ ಎತ್ತರ. ಹೀಗೆ ಪ್ರತಿ ಸಂಜೆಯೂ ಒಂದೊಂದು ರಾಶಿ! ಮೂರು ಸಾವಿರ ವರ್ಷದ ಕೆಲಸ ಮೂರು ವರ್ಷದೊಳಗೆ ಮುಗಿಯುತ್ತದೆ.

ಮುಗಿಯುತ್ತದೆ, ಆದರೆ ಸಣ್ಣ ಸಂಗತಿಗಳನ್ನು ಮರೆಯದಿದ್ದರೆ ಮಾತ್ರ. ಹತ್ತು ಹಾಳೆಗೊಂದು ಗುಂಡುಸೂಜಿ ಎಂದರೂ 5 ಕೋಟಿ ಸೂಜಿಗಳಾದವು. ಒಂದನ್ನು ಬಿಡಿಸಲು 15 ಸೆಕೆಂಡು ಎಂದರೂ ಒಬ್ಬ ಮನುಷ್ಯ ಕಚೇರಿ ವೇಳೆಯಲ್ಲಿ ಬೇರೇನೂ ಮಾಡದೆ ಸೂಜಿ ಕೀಳುತ್ತ ಕೂರಬೇಕಾದ್ದು 87 ವರ್ಷ. ಸ್ಕ್ಯಾನ್ ಆದ ಪುಟ ಮಸುಕಾಗಿದೆಯೋ, ವಾರೆಯಾಗಿದೆಯೋ ಎಂದು ತೆರೆಯ ಮೇಲೆ ಒಂದೇ ಒಂದು ಸೆಕೆಂಡು ಕಣ್ಣಾಡಿಸಬೇಕೆಂದು ನಿಯಮ ಮಾಡಿದರೆ? 100 ಕೋಟಿ ಸೆಕೆಂಡು. ನಿದ್ದೆ, ಊಟ ಬಿಟ್ಟು ಕಣ್ಣು ಮಿಟುಕಿಸದೆ ನೋಡಿದರೂ ಸುಮಾರು 32 ವರ್ಷ. ಕಚೇರಿ ವೇಳೆಯಲ್ಲಿ ನೋಡುವುದಾದರೆ 115 ವರ್ಷ ದಾಟುತ್ತದೆ. ಹಾಗೆಂದು ಆ ಒಂದು ಸೆಕೆಂಡನ್ನು ಉಳಿಸಲು ಹೋಗಬಾರದು. ಮಸುಕು ಚಿತ್ರವಿದ್ದರೆ ಆ ಪುಟ ಸ್ಕ್ಯಾನ್ ಆಗಿಯೇ ಇಲ್ಲ ಎಂದೇ ಅರ್ಥ.

ಈಗ ಕಾಗದ ಬಿಟ್ಟು ಯಂತ್ರದೊಳಕ್ಕೆ ಹೋಗೋಣ. ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಒಂದು ಪುಟದಲ್ಲಿ 87 ಲಕ್ಷ ಚುಕ್ಕಿ. ನಮ್ಮ ಆಕಾಶಗಂಗೆಯಲ್ಲಿ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆ ಎನ್ನುತ್ತಾರೆ. 100 ಕೋಟಿ ಪುಟಗಳ ಚುಕ್ಕಿಗಳನ್ನು ಎಣಿಸಿದರೆ ಅಂಥ 87 ಸಾವಿರ ಆಕಾಶಗಂಗೆಗಳ ನಕ್ಷತ್ರಗಳಷ್ಟಾಗುತ್ತವೆ!

ಈ ಚುಕ್ಕಿಗಳನ್ನು ಕುಗ್ಗಿಸದೆ ಹಳೆಯ 4.7 ಗಿಗಾಬೈಟ್ ಡಿವಿಡಿಗಳಲ್ಲಿ ತುಂಬಿ ಒಂದರ ಮೇಲೊಂದು ಇಡೋಣ. ಬಣ್ಣ ಬೇಡ, ಬರೀ ಕಪ್ಪು ಬಿಳುಪು ಸಾಕು ಎಂದರೆ ಡಿವಿಡಿಗಳ ರಾಶಿ 278 ಮೀಟರ್. ಜೋಗದ ಜಲಪಾತ 253 ಮೀಟರ್, ಅದಕ್ಕಿಂತ ತುಸು ಹೆಚ್ಚು. ಬಣ್ಣ ಬೇಕು ಎಂದ ಕ್ಷಣ ರಾಶಿ 6,660 ಮೀಟರಿಗೆ ನೆಗೆಯುತ್ತದೆ. ಮುಳ್ಳಯ್ಯನಗಿರಿಯ ಮೇಲೆ ಮುಳ್ಳಯ್ಯನಗಿರಿ, ಅದರ ಮೇಲೆ ಇನ್ನೊಂದು, ಆಮೇಲೂ ಅರ್ಧ ಬೆಟ್ಟದಷ್ಟು ಮಿಕ್ಕುತ್ತದೆ. ಅಂಗುಲಕ್ಕೆ 300 ಸಾಲದು, 600 ಇರಲಿ ಎಂದು ಸಭೆಯಲ್ಲಿ ಯಾರೋ ಒಬ್ಬರು ಹೇಳಿದರೆನ್ನಿ. ಚುಕ್ಕಿ ಇಮ್ಮಡಿಯಾದರೆ ಗಾತ್ರ ನಾಲ್ಕು ಪಟ್ಟು. ರಾಶಿ 26,600 ಮೀಟರ್ ದಾಟಿ ಮೂರು ಎವರೆಸ್ಟ್ ಆಗುತ್ತದೆ. ಜೋಗದಿಂದ ಮೂರು ಎವರೆಸ್ಟ್‌ಗೆ ಹೋಗಲು ಬೇಕಾದದ್ದು ಎರಡೇ ಎರಡು ನಿರ್ಧಾರ! ಹಾಗಿದ್ದರೂ ಬಣ್ಣವನ್ನು ಬಿಡಬಾರದು ಎಂಬ ಪಕ್ಷದವನು ನಾನು. ಹಳೆಯ ದಾಖಲೆಯಲ್ಲಿ ಕೆಂಪು ಶಾಯಿಯ ತಿದ್ದುಪಡಿ ಯಾವುದು, ಕಪ್ಪು ಶಾಯಿಯ ಮೂಲ ಯಾವುದು, ಮೊಹರಿನ ಗುರುತು ಯಾವುದು ಎಂಬುದರ ಮೇಲೆ ಒಬ್ಬರ ಹೊಲದ ಬದು ನಿಂತಿರುತ್ತದೆ.

ಪ್ರತಿ ಪುಟಕ್ಕೂ ಒಂದು ಹೆಸರು ಬೇಕಲ್ಲ? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ವರ್ಷ, ಪುಟ. ಎಲ್ಲ ಸೇರಿ 20 ಅಕ್ಷರ ಎಂದಿಟ್ಟುಕೊಂಡು, ಬರೀ ಹೆಸರುಗಳ ಪಟ್ಟಿಯನ್ನು ತಲಾ 5 ಲಕ್ಷ ಅಕ್ಷರಗಳ ಪುಸ್ತಕಗಳಾಗಿ ಅಚ್ಚುಹಾಕಿದರೆ 40 ಸಾವಿರ ಪುಸ್ತಕಗಳಾಗುತ್ತವೆ. ಸಾವಿರಕ್ಕೆ ಒಂದೇ ಒಂದು ಹೆಸರು ತಪ್ಪಾದರೆ? ಪರೀಕ್ಷೆಯಲ್ಲಿ ಅದು ನೂರಕ್ಕೆ 99.9 ಅಂಕ. ಇಲ್ಲಿ ಅದು 10 ಲಕ್ಷ ಕಾಣೆಯಾದ ಪುಟ. ಕಂಪ್ಯೂಟರಿನೊಳಗೇ ಇರುತ್ತವೆ, ಯಾರ ಕೈಗೂ ಸಿಗುವುದಿಲ್ಲ. ಮುಂಬೈ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳಲ್ಲಿ ಮೋಡಿ ಲಿಪಿಯ ಕಾಗದ, ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಡೆ ಉರ್ದು ಕಾಗದ ಬರುತ್ತವೆ. ಹೆಸರು ಕೊಡುವ ಮುನ್ನ ಅವನ್ನು ಓದಬಲ್ಲವರೇ ಬೇಕು. ಯಂತ್ರ ಕೊಳ್ಳುವ ಮುಂಚೆ ಇವರನ್ನು ಹುಡುಕಿಟ್ಟುಕೊಳ್ಳುವುದು ಜಾಣತನ.

ಹೊರಗಿನ ಜಗತ್ತಿನ ರಾಶಿಗಳನ್ನೂ ನೋಡೋಣ. ನಮ್ಮ 50 ಕೋಟಿ ಹಾಳೆಗಳನ್ನು ಗಾಳಿಯೂ ನುಸುಳದಂತೆ ಒತ್ತಿ, ಬೆಂಗಳೂರಿನಿಂದ ಮೈಸೂರು ರಸ್ತೆಯಗುಂಟ ಕಪಾಟಿನಲ್ಲಿ ಜೋಡಿಸುತ್ತ ಹೋದರೆ 50 ಕಿಲೋಮೀಟರಿಗೆ, ರಾಮನಗರದ ಬಳಿ ನಿಲ್ಲುತ್ತೇವೆ. ಇಟಲಿಯ ವೆನಿಸ್ ನಗರದ ಪತ್ರಾಗಾರದಲ್ಲಿ ಸಾವಿರ ವರ್ಷಗಳ ದಾಖಲೆ ಸುಮಾರು 80 ಕಿಲೋಮೀಟರ್ ಕಪಾಟು ತುಂಬಿದೆ. ಅದು ಮದ್ದೂರಿನವರೆಗೆ ಬರುತ್ತದೆ. ವ್ಯಾಟಿಕನ್ನಿನ ಪೋಪರ ಪತ್ರಾಗಾರ 85 ಕಿಲೋಮೀಟರ್, ಇನ್ನೂ ಸ್ವಲ್ಪ ಮುಂದೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿಯ ಕಡತಗಳು 111 ಕಿಲೋಮೀಟರ್! ಮಂಡ್ಯವನ್ನೂ ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತವೆ. 1950ರಿಂದ ಬರ್ಲಿನ್ ಗೋಡೆ ಬೀಳುವವರೆಗೆ, ಬರೀ ನಲವತ್ತು ವರ್ಷಗಳಲ್ಲಿ ಪೇರಿಸಿದ್ದು. ವೆನಿಸ್ಸಿಗೆ ಸಾವಿರ ವರ್ಷ ಹಿಡಿದದ್ದನ್ನು ಇವರು ನಲವತ್ತರಲ್ಲಿ ಮೀರಿಸಿದರು.

1989ರಲ್ಲಿ ಗೋಡೆ ಬಿದ್ದಾಗ ಅದೇ ಪೊಲೀಸರು ಕಡತಗಳನ್ನು ನಾಶಮಾಡಲು ಹೊರಟರು. ಹರಿಯುವ ಯಂತ್ರಗಳು ಕೈಕೊಟ್ಟವು, ಕೈಯಲ್ಲೇ ಹರಿದು ಚೀಲಕ್ಕೆ ತುಂಬಿದರು. ಜನ ನುಗ್ಗಿ ತಡೆದಾಗ ಉಳಿದದ್ದು ಸುಮಾರು 16,000 ಚೀಲ ಚೂರುಗಳು. 1995ರಿಂದ ಅವನ್ನು ಮೇಜಿನ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿ ಅಂಟಿಸುತ್ತ ಬಂದರು. ಸುಮಾರು 20 ವರ್ಷಗಳಲ್ಲಿ ಮುಗಿದದ್ದು 500ರಷ್ಟು ಚೀಲ, 15 ಲಕ್ಷಕ್ಕೂ ಹೆಚ್ಚು ಪುಟ. ಇದೇ ವೇಗದಲ್ಲಿ 16,000 ಚೀಲಕ್ಕೆ 640 ವರ್ಷ. ವಿಜಯನಗರದಲ್ಲಿ ಎರಡನೇ ಹರಿಹರ ಆಳುತ್ತಿದ್ದಾಗ ಕೂತಿದ್ದರೆ ಇವತ್ತಿಗೆ ಎದ್ದೇಳಬಹುದಿತ್ತು. ಚೂರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದಲೇ ಕೂಡಿಸುವ ಪ್ರಯತ್ನವೂ ನಡೆಯಿತು. ಅದರಲ್ಲಿ 23 ಚೀಲ, 91 ಸಾವಿರ ಪುಟ ಜೋಡಣೆಯಾಯಿತು. ಇಡೀ ಹಾಳೆ ಕೈಗೆ ಸಿಕ್ಕವರು ಪುಣ್ಯವಂತರು.

ಅಮೆರಿಕದ ಯೂಟಾ ರಾಜ್ಯದಲ್ಲಿ ಗ್ರಾನೈಟ್ ಬೆಟ್ಟವನ್ನು ಕೊರೆದು ಮಾಡಿದ ನೆಲಮಾಳಿಗೆಯಿದೆ. 1938ರಿಂದ ದೇಶ ದೇಶಗಳ ಜನನ, ಮರಣ, ಮದುವೆ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿ ಸೇರಿಸಿದ್ದು 24 ಲಕ್ಷ ಸುರುಳಿ. ಸುರುಳಿಗೆ 30 ಮೀಟರ್ ಎಂದರೆ ಬಿಚ್ಚಿದಾಗ 72 ಸಾವಿರ ಕಿಲೋಮೀಟರ್, ಭೂಮಿಗೆ ಹತ್ತಿರ ಹತ್ತಿರ ಎರಡು ಸುತ್ತು. ಅದರಲ್ಲಿರುವ ಹೆಸರುಗಳು 1,150 ಕೋಟಿಗೂ ಹೆಚ್ಚು. ಇವತ್ತು ಬದುಕಿರುವ ಇಡೀ ಮನುಕುಲಕ್ಕಿಂತ ಜಾಸ್ತಿ! ಇದನ್ನೆಲ್ಲ ಡಿಜಿಟಲ್ ಮಾಡಲು 50 ವರ್ಷಕ್ಕೂ ಹೆಚ್ಚು ಬೇಕು ಎಂದು ಮೊದಲಿಗೆ ಲೆಕ್ಕ ಹಾಕಿದ್ದರು. 2021ರಲ್ಲಿ, ಸುಮಾರು 30 ವರ್ಷ ಮುಂಚೆಯೇ, ಮುಗಿಸಿ ಕೈತೊಳೆದರು.

ಇವೆಲ್ಲಕ್ಕಿಂತ ದೊಡ್ಡದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ. ಅಲ್ಲಿರುವುದು ಸುಮಾರು 1,350 ಕೋಟಿ ಪುಟ. ಪುಟಕ್ಕೊಂದು ಹಾಳೆಯಂತೆ ಸಾಲಾಗಿ ಹಾಸಿದರೆ 37 ಲಕ್ಷ ಕಿಲೋಮೀಟರ್ ದಾಟುತ್ತದೆ, ಇಲ್ಲಿಂದ ಚಂದ್ರನಿಗೆ ಹೆಚ್ಚುಕಡಿಮೆ ಹತ್ತು ಸಲ ಮುಟ್ಟುವಷ್ಟು. ದಿನಕ್ಕೆ 1,000 ಪುಟದ ನಮ್ಮ ಒಂಟಿ ಮನುಷ್ಯನಿಗೆ 45 ಸಾವಿರ ವರ್ಷದ ಕೆಲಸ. ಅವನು ಹಳೇ ಶಿಲಾಯುಗದಲ್ಲೇ ಕುಳಿತಿರಬೇಕಿತ್ತು. 2026ರ ಸೆಪ್ಟೆಂಬರ್ ಹೊತ್ತಿಗೆ 50 ಕೋಟಿ ಪುಟ ಅಂತರ್ಜಾಲಕ್ಕೆ ಏರಿಸಬೇಕೆಂಬುದು ಆ ಪತ್ರಾಗಾರ ಹಾಕಿಕೊಂಡ ಗುರಿ. ಅಷ್ಟು ಮಾಡಿದರೂ ನೂರಕ್ಕೆ ನಾಲ್ಕು ಪುಟವಾಗುವುದಿಲ್ಲ.

ಈಗ ನಿಮ್ಮ ಊರಿನ ಮಠ, ಗ್ರಂಥಾಲಯ, ಶಾಲೆ, ಸಹಕಾರ ಸಂಘದ ಬೀರು ತೆಗೆದು ಅಳತೆಪಟ್ಟಿ ಹಿಡಿಯಿರಿ. ಒತ್ತಾಗಿ ಜೋಡಿಸಿದ ಒಂದು ಮೀಟರ್ ಕಾಗದದಲ್ಲಿ 10 ಸಾವಿರ ಹಾಳೆ, 20 ಸಾವಿರ ಪುಟ. ಒಬ್ಬರಿಗೆ 20 ದಿನದ ಕೆಲಸ. ನಿಮ್ಮಲ್ಲಿ ಎಷ್ಟು ಮೀಟರ್ ಇದೆ ಎಂದು ಇವತ್ತೇ ಅಳೆದು ಬರೆದಿಡಿ, ಗೆದ್ದಲು ಅಳೆಯುವ ಮುನ್ನ.