ನಲವತ್ತಕ್ಕೆ ಒಂದು

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ಚಳಿಗಾಲಕ್ಕೂ ವಸಂತಕ್ಕೂ ನಡುವೆ ಇನ್ನೊಂದು ಋತುವಿದೆ. ಅಲ್ಲಿನವರು ಅದನ್ನು ಕೆಸರುಗಾಲ ಅನ್ನುತ್ತಾರೆ. ರಾಜ್ಯದ ಅರ್ಧಕ್ಕಿಂತ ಹೆಚ್ಚು ರಸ್ತೆಗಳಿಗೆ ಡಾಂಬರಿಲ್ಲ. ಮಾರ್ಚ್ ಬಂತೆಂದರೆ ಮೇಲಿನ ಹಿಮ ಕರಗುತ್ತದೆ, ಕೆಳಗಿನ ನೆಲ ಮಾತ್ರ ಇನ್ನೂ ಕಲ್ಲು. ನೀರಿಗೆ ಇಳಿಯಲು ದಾರಿಯಿಲ್ಲ. ರಸ್ತೆಯೆಲ್ಲ ರಾಡಿಯಾಗಿ ಕಾರಿನ ಚಕ್ರ ಅಚ್ಚಿನವರೆಗೂ ಹೂತುಕೊಳ್ಳುತ್ತದೆ. ಹಿಮಕ್ಕೆ ಕೊಳೆ ಹತ್ತಿರುತ್ತದೆ, ಹುಲ್ಲು ತಲೆ ಎತ್ತಿರುವುದಿಲ್ಲ, ಮರಗಳೆಲ್ಲ ಬೋಳು. ಅಕ್ಟೋಬರಿನಲ್ಲಿ ಕೆಂಪೆಲೆ ನೋಡಲು ಬಸ್ಸು ತುಂಬಿಕೊಂಡು ಬರುವ ಪ್ರವಾಸಿಗಳು ಆಗ ಈ ಕಡೆ ತಲೆ ಹಾಕುವುದಿಲ್ಲ. ಅದು ಅವರಿಗೇ ನಷ್ಟ. ಆ ಕೆಂಪೆಲೆಯ ಮೇಪಲ್ ಮರ ನಿಜವಾಗಿ ದುಡಿಯುವುದು ಎಲೆಯೇ ಇಲ್ಲದ ಈ ನಾಲ್ಕಾರು ವಾರಗಳಲ್ಲಿ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ವರ್ಮಾಂಟಿನಲ್ಲಿ ಊರಸಭೆಯ ದಿನ. ಜನರೆಲ್ಲ ಸೇರಿ ರಸ್ತೆಗೆಷ್ಟು, ಶಾಲೆಗೆಷ್ಟು ಎಂದು ಹಗ್ಗಜಗ್ಗಾಡಿ ತೀರ್ಮಾನಿಸುತ್ತಾರೆ. ರಸ ಇಳಿಸಲು ಮೇಪಲ್ ಮರಕ್ಕೆ ತೂತು ಕೊರೆಯಲು ಹಳಬರು ಹಾಕಿಕೊಂಡ ಗಡುವೂ ಅದೇ. ಈಗೀಗ ಹವೆ ಆ ಗಡುವಿಗೆ ಕಾಯುತ್ತಿಲ್ಲ. ಫೆಬ್ರುವರಿಯಲ್ಲೇ ಬೈರಿಗೆ ಹೊರತೆಗೆಯುವವರು ಹೆಚ್ಚುತ್ತಿದ್ದಾರೆ.

ಅಂಥ ಒಂದು ಮನೆಯ ಹಿತ್ತಿಲಿಗೆ ಬನ್ನಿ. ಇದು ಯಾವ ಹಳ್ಳಿಯದ್ದಾದರೂ ಆಗಬಹುದು, ನಡೆಯುವುದೆಲ್ಲ ಒಂದೇ. ಮೊಣಕಾಲಷ್ಟು ಹಿಮದಲ್ಲಿ ಅಜ್ಜ ಮುಂದೆ. ಹಿಂದೆ ಮೊಮ್ಮಗಳು, ಅವಳ ಹಿಂದೆ ಜಾರುಬಂಡಿ, ಬಂಡಿಯ ಮೇಲೆ ತಗಡಿನ ಬಕೆಟ್ಟುಗಳು. ಅಜ್ಜ ಒಂದು ಮರವನ್ನು ತಬ್ಬಿ ದಪ್ಪ ನೋಡುತ್ತಾನೆ. ಅಡ್ಡಳತೆ 25–30 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದನ್ನು ಮುಟ್ಟುವಂತಿಲ್ಲ. ಅಷ್ಟು ದಪ್ಪವಾಗಲು ಶುಗರ್ ಮೇಪಲ್‌ಗೆ ಸುಮಾರು 40 ವರ್ಷ ಬೇಕು. ಆಮೇಲೆ ತೊಗಟೆಯ ಮೇಲೆ ಕೈಯಾಡಿಸಿ ಹಿಂದಿನ ವರ್ಷಗಳ ಕಲೆ ಹುಡುಕುತ್ತಾನೆ. ಕೊರೆದ ತೂತನ್ನು ಮರ ಒಂದೆರಡು ವರ್ಷದಲ್ಲಿ ಮುಚ್ಚಿಕೊಳ್ಳುತ್ತದೆ. ಆದರೆ ಅದರ ಮೇಲೆ ಕೆಳಗೆ ಒಳಮರ ಕಂದು ಬಣ್ಣಕ್ಕೆ ತಿರುಗಿ ಸತ್ತಿರುತ್ತದೆ, ಅಲ್ಲಿ ಮತ್ತೆಂದೂ ರಸ ಹರಿಯುವುದಿಲ್ಲ. ಹೊಸ ಜಾಗ ಗೊತ್ತು ಮಾಡಿ ಬೈರಿಗೆ ಹಿಡಿಯುತ್ತಾನೆ. ಬೆರಳು ತೂರದಷ್ಟು ಸಣ್ಣ ತೂತು, 8 ಮಿಲಿಮೀಟರ್ ಅಗಲ, 4–5 ಸೆಂಟಿಮೀಟರ್ ಆಳ. ರಸ ಹೊರಗೆ ಜಾರಲೆಂದು ಒಳಮುಖ ತುಸು ಮೇಲೆ. ಬರುವ ಹೊಟ್ಟು ಬೆಳ್ಳಗಿದ್ದರೆ ಒಳ್ಳೆಯದು, ಕಂದಾಗಿದ್ದರೆ ಸತ್ತ ಮರಕ್ಕೆ ತಾಗಿತೆಂದು ಲೆಕ್ಕ. ಇದು ಬೆಳ್ಳಗಿದೆ. ಲೋಹದ ಪುಟ್ಟ ಮೂತಿಯನ್ನು ತೂತಿಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಜೋರಾಗಿ ಬಡಿದರೆ ಮರ ಸೀಳುತ್ತದೆ.

ಬಕೆಟ್ಟು ತೂಗುಹಾಕುವ ಮೊದಲೇ ಮೂತಿಯ ತುದಿಯಲ್ಲಿ ಒಂದು ಹನಿ ಮೂಡಿಯಾಗಿರುತ್ತದೆ. ಹುಡುಗಿ ನಾಲಿಗೆ ಚಾಚುತ್ತಾಳೆ. ನೀರು! ಹಾಗೇ ಬಾಯಲ್ಲಿಟ್ಟುಕೊಂಡರೆ ಹಿಂದಿನಿಂದ ಎಲ್ಲೋ ಒಂದಿಷ್ಟು ಸಿಹಿ, ಅಷ್ಟೇ. ರಸಕ್ಕೆ ಬಣ್ಣವಿಲ್ಲ, ಅಂಟಿಲ್ಲ. ಖಾಲಿ ತಗಡಿನ ತಳಕ್ಕೆ ಬೀಳುವ ಹನಿಗಳು ಟಿಣ್, ಟಿಣ್ ಎನ್ನುತ್ತವೆ. ಹತ್ತು ಮರಗಳ ಹತ್ತು ಬಕೆಟ್ಟು ಬೇರೆ ಬೇರೆ ಲಯದಲ್ಲಿ ಬಾರಿಸುವ ಈ ಸದ್ದು ತಳ ತುಂಬುತ್ತಿದ್ದಂತೆ ನಿಂತುಹೋಗುತ್ತದೆ.

ಎಲೆಯಿಲ್ಲದ ಮರದಲ್ಲಿ ರಸ ಹರಿಯುವುದು ಹೇಗೆ? ಬೇಸಗೆಯಲ್ಲಿ ಎಲೆಗಳು ಮಾಡಿದ ಸಕ್ಕರೆಯನ್ನು ಮೇಪಲ್ ಪಿಷ್ಟವಾಗಿ ಕಾಂಡದಲ್ಲಿ ಕೂಡಿಟ್ಟಿರುತ್ತದೆ. ಚಳಿಗಾಲದಲ್ಲಿ ಅದರಲ್ಲಿ ಒಂದಿಷ್ಟು ಮತ್ತೆ ಸಕ್ಕರೆಯಾಗಿ ನೀರಿಗೆ ಸೇರುತ್ತದೆ. ಈ ಮರದ ಇನ್ನೊಂದು ವಿಶೇಷ, ಕಾಂಡದ ನಾರುಕೋಶಗಳಲ್ಲಿ ತುಂಬಿರುವುದು ನೀರಲ್ಲ, ಅನಿಲ. ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಅನಿಲ ಕುಗ್ಗುತ್ತದೆ, ಕೋಶದೊಳಗೆ ಮಂಜುಗಡ್ಡೆ ಕಟ್ಟುತ್ತದೆ, ಬೇರಿನಿಂದ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದು ಉಷ್ಣತೆ ಸೊನ್ನೆ ದಾಟಿದಾಗ ಗಡ್ಡೆ ಕರಗಿ, ಅಮುಕಿಕೊಂಡಿದ್ದ ಅನಿಲ ಹಿಗ್ಗಿ ರಸವನ್ನು ಒತ್ತುತ್ತದೆ. ಎಲ್ಲಿ ಸೀಳಿದೆಯೋ ಅಲ್ಲಿಂದ ಅದು ಹೊರಗೆ. ಹೀಗಾಗಿ ಸೊನ್ನೆಯ ಗೆರೆಯನ್ನು ದಿನವೂ ಆಚೆ ಈಚೆ ದಾಟುವ ಹವೆಯೇ ಇಲ್ಲಿ ಯಜಮಾನ. ರಾತ್ರಿ ಹಿಮಗಟ್ಟದಿದ್ದರೆ ರಸವಿಲ್ಲ; ಹಗಲು ಕರಗದಿದ್ದರೂ ಇಲ್ಲ. ಚಳಿಗೆ ಒಗ್ಗಿಕೊಂಡ ಊರುಗಳಲ್ಲಿ ಇದೊಂದೇ ಕಾಲ ಜನ ‘ರಾತ್ರಿ ಚಳಿ ಬೀಳಲಿ’ ಎಂದು ಹಾರೈಸುವುದು.

ಈ ಗುಟ್ಟು ಮನುಷ್ಯರಿಗಷ್ಟೇ ಗೊತ್ತಿಲ್ಲ. ಕೆಂಪಳಿಲುಗಳು ಮೇಪಲ್ ಕೊಂಬೆಯನ್ನು ಕಚ್ಚಿ ಹೊರಟುಹೋಗುತ್ತವೆ. ಸೋರಿದ ರಸದ ನೀರು ಗಾಳಿಗೆ ಆರಿ ಸಕ್ಕರೆ ಉಳಿದ ಮೇಲೆ ಮರಳಿ ಬಂದು ನೆಕ್ಕುತ್ತವೆ. ಪ್ರಾಣಿಶಾಸ್ತ್ರಜ್ಞ ಬರ್ನ್ಡ್ ಹೈನ್ರಿಚ್ ಇದನ್ನು ಕಾಡಿನಲ್ಲಿ ಕೂತು ನೋಡಿ 1992ರಲ್ಲಿ ಬರೆದರು. ಅಳಿಲಿಗೆ ಸೌದೆಯ ಖರ್ಚಿಲ್ಲ.

ಮನುಷ್ಯನಿಗಿದೆ, ಅದೂ ಸಣ್ಣ ಖರ್ಚಲ್ಲ. ಮೇಪಲ್ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಪಾಲು. ಅದನ್ನು ಕಾಯಿಸಿ ಮಾಡುವ ಸಿರಪ್ಪಿನಲ್ಲಿ 66 ಇರಬೇಕು. ಎಂದರೆ 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್ಪು, ಉಳಿದ 39 ಲೀಟರ್ ಆಕಾಶಕ್ಕೆ. ಒಂದು ತೂತಿನಿಂದ ಇಡೀ ಕಾಲಕ್ಕೆ ಸಿಗುವ ರಸವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಒಂದು ಮರ, ಒಂದು ಲೀಟರ್. ನಮ್ಮ ಆಲೆಮನೆ ನೋಡಿದವರಿಗೆ ಕೊಪ್ಪರಿಗೆ, ಒಲೆ, ಹಬೆ, ಕಾದು ಕೂತ ಮಕ್ಕಳು ಎಲ್ಲ ಪರಿಚಿತವೇ ಅನಿಸೀತು. ಆದರೆ ಕಬ್ಬಿನ ಹಾಲಿನಲ್ಲಿ ಸಕ್ಕರೆ ನೂರಕ್ಕೆ 15–20 ಪಾಲು ಇರುತ್ತದೆ. ಮೇಪಲ್ ಕಾಯಿಸುವವನ ಗೋಳೇ ಬೇರೆ. ಅವನು ಬಹುಪಾಲು ನೀರನ್ನೇ ಕಾಯಿಸುತ್ತಿರುತ್ತಾನೆ.

ಇದನ್ನು ಅಡುಗೆಮನೆಯಲ್ಲಿ ಮಾಡಹೋದವರ ಗೋಡೆಯ ಕಾಗದ ಕಿತ್ತು ಬಂದ ಕಥೆ ಊರಿಗೊಂದಿದೆ. ಹಾಗಾಗಿ ಒಲೆ ಅಂಗಳದಲ್ಲಿ. ಸಿಮೆಂಟ್ ಇಟ್ಟಿಗೆಗಳನ್ನು ಮೂರು ಕಡೆ ಪೇರಿಸಿ, ಹಿಂದೆ ಹೊಗೆಕೊಳವೆ ನಿಲ್ಲಿಸಿ, ಮೇಲೆ ಹೋಟೆಲಿನವರು ಊಟ ಬಿಸಿಯಿಡುವ ಅಗಲವಾದ ಸ್ಟೀಲ್ ತಟ್ಟೆಗಳನ್ನು ಸಾಲಾಗಿ ಇಟ್ಟರೆ ಮನೆಮಟ್ಟಿನ ಕಾರ್ಖಾನೆ ಸಿದ್ಧ. ಪಾತ್ರೆ ಆಳವಿರಬಾರದು, ಅಗಲವಿರಬೇಕು. ಮೈ ಹರಡಿದಷ್ಟೂ ನೀರು ಬೇಗ ಹೋಗುತ್ತದೆ. ಹಿಂದಿನ ದಿನದ ರಸ ಹಿಮದ ರಾಶಿಯಲ್ಲಿ ಹೂತಿಟ್ಟ ಡಬ್ಬಗಳಲ್ಲಿದೆ. ಹಾಲಿನ ಹಾಗೆ ಅದೂ ಕೆಡುವ ವಸ್ತು, ನಾಳೆಗೆಂದು ಬಹಳ ಇಡುವಂತಿಲ್ಲ. ಬಕೆಟ್ಟಿನಲ್ಲಿ ರಾತ್ರಿ ಕಟ್ಟಿದ ಗಡ್ಡೆಯನ್ನು ಅಜ್ಜ ಎತ್ತಿ ಎಸೆಯುತ್ತಾನೆ. ಗಡ್ಡೆಯಲ್ಲಿರುವುದು ಹೆಚ್ಚಾಗಿ ಬರೀ ನೀರು. ಅಷ್ಟು ಸೌದೆ ಉಳಿಯಿತು.

ಬೆಳಿಗ್ಗೆ ಹಚ್ಚಿದ ಬೆಂಕಿ ಸಂಜೆಯಾದರೂ ಆರಬಾರದು. ಹಿಂದಿನ ತಟ್ಟೆಗೆ ತಣ್ಣನೆಯ ರಸ, ಅಲ್ಲಿ ಬಿಸಿಯಾದದ್ದು ಸೌಟಿನಲ್ಲಿ ನಡುವಿನ ತಟ್ಟೆಗೆ, ಅಲ್ಲಿಂದ ಮುಂದಿನದಕ್ಕೆ. ಮೊದಲ ಕೆಲವು ಗಂಟೆ ಏನೂ ಆಗುವುದಿಲ್ಲ. ಬಿಳಿಯ ಹಬೆ ಎದ್ದೆದ್ದು ಹೋಗುತ್ತದೆ, ಸೌದೆ ಮುಗಿಯುತ್ತದೆ, ಮತ್ತೆ ತರಬೇಕು. ನೆರೆಯವರು ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಯಾರ ಮನೆಯ ಛಾವಣಿ ಹಿಮಕ್ಕೆ ಕುಸಿಯಿತು, ಯಾರ ಕಾರು ಕೆಸರಿನಲ್ಲಿ ಸಿಕ್ಕಿತು, ಊರಸಭೆಯಲ್ಲಿ ಯಾರು ಯಾರನ್ನು ಬೈದರು ಎಲ್ಲ ಇಲ್ಲಿ ಇತ್ಯರ್ಥ. ಮಧ್ಯಾಹ್ನದ ಹೊತ್ತಿಗೆ ಮುಂದಿನ ತಟ್ಟೆಯ ರಸ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಆಗ ಹಬೆಗೆ ಮೊದಲ ಸಲ ವಾಸನೆ ಬರುತ್ತದೆ. ಅದು ಜಾಕೆಟ್ಟಿಗೆ, ಕೂದಲಿಗೆ, ನಾಯಿಯ ಮೈಗೆ ಹತ್ತಿಕೊಂಡು ವಾರಗಟ್ಟಲೆ ಬಿಡುವುದಿಲ್ಲ.

ಇನ್ನು ಅಜ್ಜ ಮಾತು ಬಿಡುತ್ತಾನೆ. ನೊರೆ ಹುಚ್ಚೆದ್ದು ಅಂಚು ಮೀರುವ ಹೊತ್ತಿಗೆ ಕಾಳಿನಷ್ಟು ಬೆಣ್ಣೆ ಹಾಕಿದರೆ ತಕ್ಷಣ ಕುಸಿಯುತ್ತದೆ. ಕಡೆಯ ಹದವನ್ನು ಮಾತ್ರ ಒಳಗೆ, ಗ್ಯಾಸ್ ಒಲೆಯ ಮೇಲೆ ನೋಡುತ್ತಾರೆ. ಸೌದೆಯ ಉರಿಯನ್ನು ನಂಬುವ ಘಟ್ಟವಲ್ಲ ಅದು. ಥರ್ಮಾಮೀಟರಿನಲ್ಲಿ ಮೊದಲು ಆ ದಿನ ನೀರು ಎಷ್ಟಕ್ಕೆ ಕುದಿಯುತ್ತದೆಂದು ಅಳೆದುಕೊಳ್ಳಬೇಕು, ಊರಿನ ಎತ್ತರ, ಗಾಳಿಯ ಒತ್ತಡದ ಪ್ರಕಾರ ಅದು ಬದಲಾಗುತ್ತದೆ. ಅದಕ್ಕೆ 4 ಡಿಗ್ರಿ ಸೆಲ್ಸಿಯಸ್ ಸೇರಿಸಿದರೆ ಸಿರಪ್ಪಿನ ಹದ. ಥರ್ಮಾಮೀಟರ್ ಇದ್ದರೂ ಅಜ್ಜಿ ಸೌಟನ್ನು ಅದ್ದಿ ಓರೆ ಹಿಡಿಯುತ್ತಾಳೆ. ಹನಿಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ. ಸೌಟಿನ ಅಂಚಿನುದ್ದಕ್ಕೂ ತೆರೆಯಾಗಿ ಇಳಿಬಿದ್ದರೆ ಆಯಿತು. ಹದಕ್ಕೆ ಮುಂಚೆ ಇಳಿಸಿದರೆ ಬೂಷ್ಟು ಹಿಡಿಯುತ್ತದೆ, ಮೀರಿದರೆ ಶೀಸೆಯ ತಳದಲ್ಲಿ ಕಲ್ಲುಸಕ್ಕರೆ ಕೂರುತ್ತದೆ, ಫೋನ್ ಬಂತೆಂದು ಆಚೆ ಹೋದರೆ ಇಡೀ ದಿನದ ದುಡಿಮೆ ತಳ ಹಿಡಿದು ಕರಕಲು. ಇಳಿಸಿದ್ದನ್ನು ಬಿಸಿಯಿದ್ದಾಗಲೇ ದಪ್ಪ ಉಣ್ಣೆಯ ಸೋಸುಬಟ್ಟೆಗೆ ಸುರಿಯುತ್ತಾರೆ. ಬಟ್ಟೆಯಲ್ಲಿ ಮರಳಿನಂಥ ಗಸಿ ನಿಲ್ಲುತ್ತದೆ, ರಸದೊಡನೆ ಬಂದ ಖನಿಜ ಅದು.

ಮಕ್ಕಳು ಕಾದಿದ್ದದ್ದು ಈಗ ಬರುತ್ತದೆ. ಸಿರಪ್ಪನ್ನು ಇನ್ನೊಂದಿಷ್ಟು ಕಾಯಿಸಿ, ತಟ್ಟೆಯಲ್ಲಿ ಒತ್ತಿ ತುಂಬಿದ ಹೊಸ ಹಿಮದ ಮೇಲೆ ಎಳೆಯೆಳೆಯಾಗಿ ಸುರಿದರೆ ಅಲ್ಲೇ ಗಟ್ಟಿಯಾಗಿ ಜಗಿಯುವ ಅಂಟಾಗುತ್ತದೆ. ಅದನ್ನು ಫೋರ್ಕಿಗೆ ಸುತ್ತಿ ತಿನ್ನಬೇಕು. ಜೊತೆಗೆ ಒಂದು ಡೋನಟ್, ಮತ್ತೆ, ನಂಬಿ, ಸೌತೆಕಾಯಿಯ ಹುಳಿ ಉಪ್ಪಿನಕಾಯಿ. ಸಿಹಿ ಬಾಯಿ ಕಟ್ಟಿದಾಗ ಉಪ್ಪಿನಕಾಯಿ ಕಚ್ಚಿದರೆ ಮತ್ತೊಂದು ತಟ್ಟೆಗೆ ಜಾಗವಾಗುತ್ತದೆ. ಹೋಳಿಗೆಯ ಪಂಕ್ತಿಯಲ್ಲಿ ಕೂತ ಯಾರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಬಿಳಿಯರು ಈ ನೆಲಕ್ಕೆ ಬಂದಾಗ ಇದನ್ನು ಕಲಿತದ್ದು ಮೂಲನಿವಾಸಿಗಳಿಂದ. ಮಹಾಸರೋವರಗಳ ಸುತ್ತಲಿನ ಅನಿಶಿನಾಬೆ ಜನ ಬರ್ಚ್ ಮರದ ತೊಗಟೆಯ ಪಾತ್ರೆಗಳಲ್ಲಿ ರಸ ಹಿಡಿದು, ಸಿರಪ್ಪಿಗೆ ನಿಲ್ಲಿಸದೆ ಸಕ್ಕರೆಯಾಗುವವರೆಗೂ ಕಾಯಿಸಿ, ವರ್ಷವಿಡೀ ಬಳಸುತ್ತಿದ್ದರು. ಈಗಲೂ ಕಾಯಿಸುವವರಿದ್ದಾರೆ. 1791ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ವರ್ಮಾಂಟಿಗೆ ಬಂದು ಮೇಪಲ್ ಸಕ್ಕರೆ ಮಾಡಿರೆಂದು ಹುರಿದುಂಬಿಸಿದ. ಗುಲಾಮರ ಬೆವರಿನ ಕಬ್ಬಿನ ಸಕ್ಕರೆಗೆ ಇದು ಬದಲಿ ಎಂದು ವೈದ್ಯ ಬೆಂಜಮಿನ್ ರಷ್ ಆಗ ವಾದಿಸುತ್ತಿದ್ದ. ಜೆಫರ್ಸನ್ ವರ್ಜೀನಿಯಾದ ತನ್ನ ಎಸ್ಟೇಟಿನಲ್ಲೂ ಸಸಿ ನೆಟ್ಟ, ಅವು ತೋಪಾಗಲಿಲ್ಲ. ಆ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರೂ ಗುಲಾಮರೇ ಎಂಬುದನ್ನು ಮರೆಯಬಾರದು.

ನನಗೆ ಇಷ್ಟದ ಜೋಡಿ ಬೇರೆ. ಯುದ್ಧ ವಿರೋಧಿಯಾದ ಅರ್ಥಶಾಸ್ತ್ರಜ್ಞ ಸ್ಕಾಟ್ ನಿಯರಿಂಗ್ ಮತ್ತು ಹರೆಯದಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಆಪ್ತ ವಲಯದಲ್ಲಿದ್ದ ಹೆಲೆನ್ 1932ರಲ್ಲಿ ನ್ಯೂಯಾರ್ಕ್ ಬಿಟ್ಟು ವರ್ಮಾಂಟಿನ ಕಾಡಂಚಿಗೆ ಬಂದರು. ಕಲ್ಲಿನ ಮನೆ ಕಟ್ಟಿ, ತರಕಾರಿ ಬೆಳೆದು ಉಂಡರು; ಕೈಗೆ ಕಾಸು ಬೇಕಾದದ್ದಕ್ಕೆ ಮೇಪಲ್ ಕಾಯಿಸಿದರು. 1950ರಲ್ಲಿ ಇಬ್ಬರೂ ಸೇರಿ ‘ದಿ ಮೇಪಲ್ ಶುಗರ್ ಬುಕ್’ ಬರೆದರು. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲವನ್ನು ಓದಿಗೂ ಬರೆಹಕ್ಕೂ ಇಟ್ಟುಕೊಳ್ಳಬಹುದು ಎಂಬುದು ಅವರ ಲೆಕ್ಕ.

ಇವತ್ತಿನ ವ್ಯಾಪಾರದ ಲೆಕ್ಕ ಇನ್ನೊಂದು. ದೊಡ್ಡ ತೋಪುಗಳಲ್ಲಿ ಬಕೆಟ್ಟಿಲ್ಲ. ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ರಸ ಹೀರುವ ಪಂಪು, ಒಲೆಗೇರಿಸುವ ಮೊದಲೇ ಅರ್ಧಕ್ಕಿಂತ ಹೆಚ್ಚು ನೀರು ತೆಗೆಯುವ ಯಂತ್ರ. ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ನೂರಕ್ಕೆ ಸುಮಾರು 70 ಭಾಗ ಪಕ್ಕದ ಕೆನಡಾದ ಕ್ವಿಬೆಕ್ ಒಂದರದೇ. ಅಲ್ಲಿನ ಬೆಳೆಗಾರರ ಒಕ್ಕೂಟ ಉಗ್ರಾಣದಲ್ಲಿ ಪೀಪಾಯಿಗಟ್ಟಲೆ ದಾಸ್ತಾನಿಡುತ್ತದೆ. 2011–12ರಲ್ಲಿ ಅಂಥ ಒಂದು ಉಗ್ರಾಣದಿಂದ ಸುಮಾರು 3,000 ಟನ್ ಸಿರಪ್ಪನ್ನು ಕಳ್ಳರು ತಿಂಗಳುಗಟ್ಟಲೆ ಸಾಗಿಸಿ, ಕೆಲವು ಪೀಪಾಯಿಗಳಿಗೆ ನೀರು ತುಂಬಿಟ್ಟಿದ್ದರು. ಬೆಲೆ ಸುಮಾರು 1.87 ಕೋಟಿ ಕೆನಡಿಯನ್ ಡಾಲರ್.

ಹಿತ್ತಿಲಿನ ಅಜ್ಜನಿಗೆ ಆ ಭಯವಿಲ್ಲ, ಲಾಭವೂ ಇಲ್ಲ. ಸೌದೆ, ಶೀಸೆ, ಹೊತ್ತು ಎಲ್ಲ ಕೂಡಿದರೆ ಅಂಗಡಿಯ ಸಿರಪ್ಪೇ ಅಗ್ಗ. ಆದರೂ ಮಾಡುತ್ತಾನೆ. ಕಾಲದ ಮೊದಲಲ್ಲಿ ತೆಗೆದದ್ದು ಹೊಂಬಣ್ಣ, ತೆಳು ರುಚಿ. ದಿನ ಬಿಸಿಯೇರಿದಂತೆ ರಸದಲ್ಲಿ ಸೂಕ್ಷ್ಮಾಣುಗಳು ಹೆಚ್ಚಿ ಸಕ್ಕರೆಯನ್ನು ಒಡೆಯುತ್ತವೆ, ಅದು ಕಾಯಿಸುವಾಗ ಕಪ್ಪೇರುತ್ತದೆ, ರುಚಿಯೂ ಗಡುಸು. ಹೊಂಬಣ್ಣದ್ದಕ್ಕೆ ಬೆಲೆ ಕಟ್ಟುವವರಿದ್ದಾರೆ. ನನ್ನ ಮತ ಕಪ್ಪಿಗೆ. ದೋಸೆಗೆ ಜೋನಿಬೆಲ್ಲ ಹಚ್ಚಿ ತಿಂದ ನಾಲಿಗೆ ಅದನ್ನೇ ಆರಿಸೀತು. ಕೊನೆಗೆ ಮೊಗ್ಗು ಉಬ್ಬುತ್ತಿದ್ದಂತೆ ರಸಕ್ಕೆ ಕೆಟ್ಟ ವಾಸನೆ ಸೇರುತ್ತದೆ, ಹಳ್ಳದಲ್ಲಿ ಕಪ್ಪೆ ಕೂಗುತ್ತದೆ, ಮೂತಿಗಳನ್ನು ಕಿತ್ತು ತೊಳೆದು ಅಟ್ಟಕ್ಕೆ ಹಾಕುತ್ತಾರೆ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಸಾಮಾನ್ಯವಾಗಿ ಬೇಸಗೆಯನ್ನೇ ಆರಿಸಿಕೊಳ್ಳುತ್ತಾರೆ. ಒಮ್ಮೆ ಮಾರ್ಚ್ ಕೊನೆಗೆ ಹೋಗಿ. ವರ್ಮಾಂಟಿನ ಸಿರಪ್ ಮನೆಗಳು ಆಗ ವಾರಾಂತ್ಯಗಳಲ್ಲಿ ಎಲ್ಲರಿಗೂ ಬಾಗಿಲು ತೆರೆದಿರುತ್ತವೆ. ಮಂಡಿಯುದ್ದದ ಬೂಟು ಮರೆಯಬೇಡಿ. ಹೋಗಲಾಗದವರು ಶೀಸೆ ತರಿಸಿಕೊಳ್ಳುವಾಗ ಚೀಟಿ ಓದಿ. ಬರೀ ‘ಪ್ಯಾನ್‌ಕೇಕ್ ಸಿರಪ್’ ಎಂದಿದ್ದರೆ ಅದು ಸಾಮಾನ್ಯವಾಗಿ ಪರಿಮಳ ಬೆರೆಸಿದ ಮೆಕ್ಕೆಜೋಳದ ಪಾಕ. ‘ಪ್ಯೂರ್ ಮೇಪಲ್’ ಎಂದಿರಬೇಕು. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೂಷ್ಟು ಬರುತ್ತದೆ.