ಶಿಥಿಲ, ಸಡಿಲ, ಢಿಲಾ

ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಪದೇ ಪದೇ ಸಿಗುವ ಒಂದು ವಾಕ್ಯ: “ಶಾಸನ ಶಿಥಿಲವಾಗಿದೆ.” ಪತ್ರಿಕೆಗಳಲ್ಲಿ ಶಾಲೆಯ ಕಟ್ಟಡ ಶಿಥಿಲ, ಸೇತುವೆ ಶಿಥಿಲ. ಹಳಗನ್ನಡ ವ್ಯಾಕರಣ ಓದಿದವರಿಗೆ ಶಿಥಿಲದ್ವಿತ್ವ ಗೊತ್ತು. ಎಲ್ಲ ಕಡೆಯೂ ನಾವು ಇದನ್ನು ‘ದುರ್ಬಲವಾದದ್ದು, ಕ್ಷೀಣಿಸಿದ್ದು’ ಅಂತಲೇ ಓದಿಕೊಳ್ಳುತ್ತೇವೆ. ಶಬ್ದದ ಬೇರು ಮಾತ್ರ ಬೇರೇನೋ ಹೇಳುತ್ತದೆ, ಮತ್ತು ಆ ವ್ಯತ್ಯಾಸ ಶಾಸನ ಓದುವವರಿಗೆ ಕೆಲಸಕ್ಕೆ ಬರುವಂಥದ್ದು.

ಹುಬ್ಬಳ್ಳಿ-ಧಾರವಾಡದ ನಡುವಿನ ಸತ್ತೂರಿನ ಕಡೆಯ ಮಾತನ್ನೇ ತಗೊಳ್ರಿ. ಎತ್ತು ಕಟ್ಟುವಾಗ “ಹಗ್ಗ ಸಡ್ಲ ಬಿಟ್ಟೀದಿ, ಬಿಗೀ ಕಟ್ಟು” ಅಂತಾರೆ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ “ನಟ್ ಢಿಲಾ ಆಗೇತ್ರಿ” ಅನ್ನೋದು ಕೇಳುತ್ತದೆ. ಆಸ್ಪತ್ರೆಗೆ ಬಂದ ಹಿರಿಯರು “ಕೈಕಾಲ ಸಡ್ಲ ಬಿದ್ದಂಗ ಆಗ್ಯಾವ್ರಿ” ಅಂದರೆ, ಬರೆಯುವವರು ಅದನ್ನೇ ‘ಶಿಥಿಲತೆ’ ಅಂತ ಬರೆದಾರು. ಸಡ್ಲ, ಢಿಲಾ, ಶಿಥಿಲ ಮೂರೂ ಮೂಲದಲ್ಲಿ ಒಂದೇ ಶಬ್ದ. ಬಂದ ದಾರಿ ಬೇರೆ ಬೇರೆ, ಅಷ್ಟೇ.

ಸಂಸ್ಕೃತದಲ್ಲಿ ‘ಶ್ರಥ್’ ಎಂಬ ಧಾತು ಇದೆ. ಅರ್ಥ, ಬಿಚ್ಚು, ಕಟ್ಟು ಸಡಿಲಿಸು. ಋಗ್ವೇದದ ಮೊದಲ ಮಂಡಲದ 24ನೆಯ ಸೂಕ್ತದಲ್ಲಿ ವರುಣನ ಪಾಶವನ್ನು ಸಡಿಲಿಸು ಎಂದು ಬೇಡುವ ಕಡೆ ಬರುವುದು ಇದೇ ಧಾತು. ಇದರಿಂದ ಹುಟ್ಟಿದ ವಿಶೇಷಣ ‘ಶೃಥಿರ’ ಆಗಬೇಕಿತ್ತು, ಆದರೆ ಋಗ್ವೇದದಲ್ಲೇ ಅದು ‘ಶಿಥಿರ’ ಆಗಿ ಕೂತಿದೆ. ಋಕಾರ ಇಕಾರವಾಗೋದು ಪ್ರಾಕೃತದ ಗುಣ. ಋಷಿ ಪ್ರಾಕೃತದಲ್ಲಿ ಇಸಿ ಆದ ಹಾಗೆ. ಹಾಗಾಗಿ ವೇದದ ಭಾಷೆಯೊಳಗೇ ಆಡುಮಾತಿನ ಉಚ್ಚಾರ ನುಸುಳಿತ್ತು ಅನ್ನೋದಕ್ಕೆ ಭಾಷಾವಿದ್ವಾಂಸರು ಈ ಶಬ್ದವನ್ನು ಉದಾಹರಣೆಯಾಗಿ ಕೊಡುತ್ತಾರೆ. ಮುಂದೆ ರಕಾರ ಲಕಾರವಾಗಿ ‘ಶಿಥಿಲ’ ಬಂತು. ನಾವು ಅಚ್ಚ ಸಂಸ್ಕೃತ ಅಂತ ಗೌರವ ಕೊಡುವ ರೂಪವೇ ಅರ್ಧ ಪ್ರಾಕೃತ!

ಕನ್ನಡದ ‘ಸಡಿಲ’ದಲ್ಲಿ ಥಕಾರದ ಜಾಗದಲ್ಲಿ ಡಕಾರ ಬಂದದ್ದು ಹೇಗೆ? ಇದಕ್ಕೂ ಪ್ರಾಕೃತವೇ ಉತ್ತರ. 12ನೆಯ ಶತಮಾನದ ಹೇಮಚಂದ್ರ ತನ್ನ ಪ್ರಾಕೃತ ವ್ಯಾಕರಣದಲ್ಲಿ ಮೇಥಿ, ಶಿಥಿರ, ಶಿಥಿಲ, ಪ್ರಥಮ ಈ ನಾಲ್ಕು ಶಬ್ದಗಳಲ್ಲಿ ಥಕಾರ ಢಕಾರವಾಗುತ್ತದೆ ಎಂದು ಸೂತ್ರ ಮಾಡಿದ್ದಾನೆ. ಪ್ರಥಮ ‘ಪಢಮ’ ಆದಂತೆ ಶಿಥಿಲ ‘ಸಿಢಿಲ’, ‘ಸಢಿಲ’ ಆಯಿತು. ಕನ್ನಡದ ಬಾಯಿಗೆ ಬಂದಾಗ ಮಹಾಪ್ರಾಣ ಬಿದ್ದುಹೋಗಿ ‘ಸಡಿಲ’ ಆಯಿತು. ಅಂದರೆ ಇದು ಪಂಡಿತರು ಸಂಸ್ಕೃತದಿಂದ ನೇರವಾಗಿ ತಂದು ಒಡೆದ ತದ್ಭವ ಅಲ್ಲ, ಪ್ರಾಕೃತದಲ್ಲೇ ರೂಪ ಬದಲಿಸಿಕೊಂಡು ಬಂದದ್ದು. ಅದರಲ್ಲಿ ಆಶ್ಚರ್ಯವಿಲ್ಲ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಯ ಅಶೋಕನ ಶಾಸನಗಳಿಂದ ಮಳವಳ್ಳಿಯ ಕಂಬದವರೆಗೆ ಈ ನೆಲದಲ್ಲಿ ಶತಮಾನಗಟ್ಟಲೆ ಕಲ್ಲಿನ ಮೇಲೆ ಬರೆಯುತ್ತಿದ್ದ ಭಾಷೆ ಪ್ರಾಕೃತವೇ. ‘ಢಿಲಾ’ ತೀರಾ ಈಚಿನದು, ಮರಾಠಿ-ಹಿಂದಿಯ ದಾರಿಯಿಂದ ಬಂದದ್ದು. ಅದನ್ನೂ ಶಬ್ದಕೋಶಗಳು ಇದೇ ಸಿಢಿಲಕ್ಕೆ ಜೋಡಿಸುತ್ತವೆ.

ಈಗ ಅರ್ಥಕ್ಕೆ ಬರೋಣ. ಮೂಲದಲ್ಲಿ ಶಿಥಿಲ ಅಂದರೆ ಸವೆದದ್ದಲ್ಲ, ತೆಳುವಾದದ್ದೂ ಅಲ್ಲ, ಬಿಗಿ ತಪ್ಪಿದ್ದು. ಧ್ವನಿಯ ವಿಷಯ ಮಾತಾಡುವ ಶಾಸ್ತ್ರಕಾರರು ಈ ಅರ್ಥವನ್ನು ಬಿಟ್ಟುಕೊಟ್ಟೇ ಇಲ್ಲ. ಪಾಲಿ ವೈಯಾಕರಣರಿಗೆ ಅಲ್ಪಪ್ರಾಣ ವ್ಯಂಜನ ‘ಸಿಥಿಲ’, ಮಹಾಪ್ರಾಣ ‘ಧನಿತ’. ದಂಡಿಗೆ ಅಲ್ಪಪ್ರಾಣಾಕ್ಷರಗಳೇ ತುಂಬಿದ ಬಂಧ ‘ಶಿಥಿಲ’. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನ ಶಿಥಿಲದ್ವಿತ್ವವೂ ಇದೇ ಸಾಲಿಗೆ ಸೇರುತ್ತದೆ. ‘ಅಮರ್ದು’, ‘ಬೆಮರ್ದು’ ಇಂಥ ಶಬ್ದಗಳಲ್ಲಿ ಒತ್ತಕ್ಷರ ಇದೆ. ಸಾಮಾನ್ಯ ನಿಯಮದಂತೆ ಅದರ ಹಿಂದಿನ ಅಕ್ಷರ ಗುರುವಾಗಬೇಕು, ‘ಅಮರ್ದು’ ನಾಲ್ಕು ಮಾತ್ರೆಯಾಗಬೇಕು. ಶಿಥಿಲದ್ವಿತ್ವವಾದರೆ ಆ ಅಕ್ಷರ ಲಘುವಾಗಿಯೇ ಉಳಿದು ಮೂರೇ ಮಾತ್ರೆ. ಇಲ್ಲಿ ಯಾವ ಅಕ್ಷರವೂ ಕ್ಷೀಣಿಸಿಲ್ಲ, ರೇಫವೂ ಇದೆ, ದಕಾರವೂ ಇದೆ. ಎರಡರ ನಡುವಿನ ಗಂಟು ಮಾತ್ರ ಸಡ್ಲ.

ಇದನ್ನು ಮರೆತರೆ ಪದ್ಯಶಾಸನ ಓದುವಾಗ ಫಜೀತಿ. ಕಂದಪದ್ಯದ ಒಂದು ಗಣದಲ್ಲಿ ಒಂದು ಮಾತ್ರೆ ಹೆಚ್ಚಾಯಿತು ಅನಿಸುತ್ತದೆ, ಕೂಡಲೇ ‘ಕಂಡರಣೆಗಾರನ ತಪ್ಪು’ ಅಂತ ಅಡಿಟಿಪ್ಪಣಿ ಬೀಳುತ್ತದೆ, ಇಲ್ಲವೇ ರೇಫವನ್ನು ಆವರಣದೊಳಗೆ ಹಾಕಿ ತಿದ್ದುತ್ತಾರೆ. ಕಲ್ಲಿನ ಮೇಲಿನ ಪಾಠ ಸರಿಯಾಗಿಯೇ ಇರುತ್ತದೆ. ಛಂದಸ್ಸು ಕೆಟ್ಟಿದೆ ಅನ್ನುವ ಮುಂಚೆ ಒಮ್ಮೆ ಶಿಥಿಲದ್ವಿತ್ವ ಹಿಡಿದು ಎಣಿಸಿ ನೋಡಬೇಕು.

ಹಾಗಾದರೆ ಹಾಳಾದ ಗುಡಿಗೆ ನಮ್ಮ ಶಾಸನಗಳು ಏನು ಹೇಳುತ್ತಿದ್ದವು? ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಬಾಂಬೆ-ಕರ್ನಾಟಕ ಶಾಸನಗಳ ಸಂಪುಟಗಳನ್ನು ತಿರುವಿ ಹಾಕಿದವರಿಗೆ ಇದು ಬಾಯಿಪಾಠ ಆಗಿರುತ್ತದೆ. ಎಷ್ಟು ಸಲ ಓದಿರುತ್ತೇವೆಂದರೆ ಒಳಗಿನ ಶಬ್ದಗಳನ್ನು ಗಮನಿಸೋದನ್ನೇ ಬಿಟ್ಟಿರುತ್ತೇವೆ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ವಯಸ್ಸಾಗಿ ಹಣ್ಣಾದದ್ದು. (ಉಂಡ ಅನ್ನ ಜೀರ್ಣ ಆಗೋದೂ ಅದೇ ಧಾತುವಿನಿಂದ.) ಭೂಮಿ ದತ್ತಿ ಬಿಡುವವರಿಗೆ, ಅದರ ಹುಟ್ಟುವಳಿಯಿಂದ ಏನೇನು ರಿಪೇರಿ ಮಾಡಿಸಬೇಕು ಅನ್ನೋದು ಸ್ಪಷ್ಟ ಇತ್ತು.

ನಾವು ಆ ಮೂರಕ್ಕೂ ಸೇರಿಸಿ ಒಂದೇ ‘ಶಿಥಿಲ’ ಬರೆದು ಮುಗಿಸುತ್ತೇವೆ. ನನ್ನ ಆಕ್ಷೇಪ ಇರೋದು ಇಲ್ಲಿ. ಪಡಿಯಚ್ಚು ತೆಗೆಯುವಾಗ ಮೊದಲು ಕಲ್ಲನ್ನು ಬ್ರಶ್ಶಿನಿಂದ ಉಜ್ಜಿ ತೊಳೆಯುತ್ತೇವೆ, ಒದ್ದೆ ಕಾಗದ ಹಚ್ಚಿ ಬ್ರಶ್ಶಿನಿಂದಲೇ ಬಡಿಯುತ್ತೇವೆ. ಅಕ್ಷರ ಬರೀ ಸವೆದಿದ್ದರೆ ಈ ಬಡಿತ ಕಲ್ಲು ತಡಕೊಳ್ಳುತ್ತದೆ. ಆದರೆ ಮೇಲ್ಪದರ ಸಡಿಲವಾಗಿ ಹಕ್ಕಳೆ ಏಳುತ್ತಿದ್ದರೆ ಅಕ್ಷರದ ಸಮೇತ ಉದುರಿ ಬೀಳುತ್ತದೆ. ಟಿಪ್ಪಣಿಯಲ್ಲಿ ‘ಶಿಥಿಲ’ ಅಂತಷ್ಟೇ ಇದ್ದರೆ ನಾಳೆ ಕಾಗದ, ಮಸಿ ಹಿಡಿದು ಹೋಗುವವರಿಗೆ ಇವೆರಡರಲ್ಲಿ ಯಾವುದು ಅಂತ ತಿಳಿಯೋದಿಲ್ಲ. ಮುರಿದಿದ್ದರೆ ಮುರಿದಿದೆ, ಬಿರಿದಿದ್ದರೆ ಬಿರಿದಿದೆ, ಸವೆದಿದ್ದರೆ ಸವೆದಿದೆ ಅಂತಲೇ ಬರೆಯಬಹುದು. ‘ಶಿಥಿಲ’ವನ್ನು ಪದರ ಬಿಟ್ಟ ಕಲ್ಲಿಗೆ, ಕೀಲು ತಪ್ಪಿದ ಗೋಡೆಗೆ ಇಟ್ಟುಕೊಂಡರೆ ಸಾಕು.