ನಾಲ್ಕು ಸಲ ಪುಟಿದ ಚೆಂಡು, ಬದಲಾದ ಹಣೆಪಟ್ಟಿ

ಗೆದ್ದೆತ್ತಿನ ಬಾಲ ಹಿಡಿಯೋದು ಯಾರೂ ಹೇಳಿಕೊಡಬೇಕಾದ ವಿದ್ಯೆ ಅಲ್ಲ. ಸೋತಾಗ ‘ಇವನ ಕೈಲಿ ಏನಾಗುತ್ತೆ ಬಿಡಿ’ ಅಂದ ಬಾಯೇ ಗೆದ್ದ ಮರುದಿನ ‘ನಾನು ಮೊದಲೇ ಹೇಳಿರಲಿಲ್ವಾ?’ ಅನ್ನುತ್ತೆ. ಹದಿನೇಳು ಸೀಸನ್ ಕಪ್ ಕಾಣದೆ, ‘ಈ ಸಲ ಕಪ್ ನಮ್ದೇ’ ಅಂತ ಹೇಳಿ ಹೇಳಿ ನಗೆಪಾಟಲಾದ ಆರ್‌ಸಿಬಿ ಅಭಿಮಾನಿಗಳಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 3ರ ರಾತ್ರಿ ಅದೇ ಮಾತು ಗೇಲಿ ಹೋಗಿ ಹೆಮ್ಮೆ ಆಯಿತು.

ಆದರೆ ಒಂದು ಕಪ್ ಜನರ ಅಭಿಪ್ರಾಯವನ್ನು ಎಷ್ಟು ತಿರುಗಿಸಬಲ್ಲದು ಅಂತ ನೋಡಬೇಕಾದರೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗನ್ನು ನೋಡಬೇಕು. ಅಲ್ಲಿ ಚಾಂಪಿಯನ್ ತಂಡದವರಿಗೆ ಉಂಗುರ ಕೊಡುತ್ತಾರೆ. ಯಾವ ದೊಡ್ಡ ಆಟಗಾರನ ಹೆಸರೆತ್ತಿದರೂ ಚರ್ಚೆ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ‘ಅವನ ಹತ್ರ ಎಷ್ಟು ಉಂಗುರ ಇದೆ?’

ಕೆಲಸ ಹೋಯ್ತು, ಆಮೇಲೆ ಪ್ರಶಸ್ತಿ ಬಂತು

ಟೊರಾಂಟೊ ರ‍್ಯಾಪ್ಟರ್ಸ್ ಕತೆಯನ್ನೇ ತಗೊಳ್ಳಿ. 30 ತಂಡಗಳ ಈ ಲೀಗಿನಲ್ಲಿ ಕೆನಡಾದ್ದು ಇದೊಂದೇ ತಂಡ. 1995ರಲ್ಲಿ ಶುರುವಾದ ಈ ತಂಡದಲ್ಲಿ ಒಳ್ಳೊಳ್ಳೆ ಆಟಗಾರರು ಬೆಳೆಯೋದು, ಹೆಸರು ಬಂದ ಮೇಲೆ ಬಿಟ್ಟು ಹೋಗೋದು ರೂಢಿಯಾಗಿತ್ತು. ಹಾಗೆ ಹೋಗದೆ ಉಳಿದವನು ಡಿಮಾರ್ ಡಿರೋಜನ್. 2009ರಿಂದ ಒಂಬತ್ತು ಸೀಸನ್ ಅಲ್ಲೇ ಆಡಿದ. 2011ರಲ್ಲಿ ಬಂದ ಕೋಚ್ ಡ್ವೇನ್ ಕೇಸಿ ತಂಡವನ್ನು ವರ್ಷ ವರ್ಷಕ್ಕೂ ಮೇಲೆತ್ತಿದರು. 2017-18ರಲ್ಲಿ 82 ಪಂದ್ಯಗಳ ಪೈಕಿ 59 ಗೆದ್ದು ತಂಡ ತನ್ನದೇ ದಾಖಲೆ ಬರೆಯಿತು.

ಆದರೆ ಪ್ಲೇಆಫ್‌ನಲ್ಲಿ ಅದೇ ಹಳೇ ಗೋಳು. ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ಎದುರು ಸತತ ಮೂರನೇ ವರ್ಷ ಸೋಲು. ಅದೂ ಈ ಸಲ 4-0. ಟೊರಾಂಟೊ ಊರಿನ ಹೆಸರಿಗೆ ಲೆಬ್ರಾನ್ ಹೆಸರು ಸೇರಿಸಿ ‘ಲೆಬ್ರಾಂಟೊ’ ಅಂತ ಜನ ಆಡಿಕೊಂಡರು. ಮೇ ತಿಂಗಳಲ್ಲಿ ಕೇಸಿ ಅವರ ಕೆಲಸ ಹೋಯಿತು. ವಿಚಿತ್ರ ನೋಡಿ, ಜೂನ್‌ನಲ್ಲಿ ಅದೇ ಸೀಸನ್ನಿಗೆ ‘ವರ್ಷದ ಕೋಚ್’ ಪ್ರಶಸ್ತಿ ಅವರಿಗೇ ಬಂತು!

ಜುಲೈನಲ್ಲಿ ಡಿರೋಜನ್ ಸರದಿ. ಅವನನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟು ಅಲ್ಲಿಂದ ಕವಾಯ್ ಲೆನಾರ್ಡ್‌ನನ್ನು ತಂದರು. ಅದೇ ವರ್ಷದ ಆರಂಭದಲ್ಲಿ ಡಿರೋಜನ್ ತನ್ನ ಖಿನ್ನತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದ. ಕ್ರೀಡಾಪಟುಗಳು ಮನಸ್ಸಿನ ನೋವು ಹೇಳಿಕೊಳ್ಳಲು ಅದು ದಾರಿ ಮಾಡಿಕೊಟ್ಟಿತ್ತು. ಅಂಥವನನ್ನು ಕಳಿಸಿದ್ದಕ್ಕೆ ಊರು ಬೇಜಾರಾಯಿತು. ತಂಡದ ಅಧ್ಯಕ್ಷ ಮಸಾಯ್ ಉಜಿರಿ ಕಲ್ಲು ಮನಸ್ಸಿನವರು ಅನ್ನಿಸಿಕೊಂಡರು. ಬಂದ ಲೆನಾರ್ಡ್ ಆದರೂ ಹೇಗಿದ್ದ? ಗಾಯದಿಂದಾಗಿ ಹಿಂದಿನ ಸೀಸನ್ನಿನಲ್ಲಿ ಆಡಿದ್ದು ಬರೀ 9 ಪಂದ್ಯ. ಹೊಸ ಕೋಚ್ ನಿಕ್ ನರ್ಸ್ ಅದುವರೆಗೆ ಎನ್‌ಬಿಎಯಲ್ಲಿ ಮುಖ್ಯ ಕೋಚ್ ಆಗಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

ರಿಂಗ್ ಮೇಲೆ ನಿಂತ ಹಣೆಬರಹ

2019ರ ಮೇ 12. ಟೊರಾಂಟೊದಲ್ಲಿ ಫಿಲಡೆಲ್ಫಿಯಾ ಎದುರು ಏಳನೇ ಪಂದ್ಯ. ಸ್ಕೋರ್ 90-90, ಉಳಿದಿದ್ದು ನಾಲ್ಕು ಸೆಕೆಂಡು ಚಿಲ್ಲರೆ. ಲೆನಾರ್ಡ್ ಬಲಗಡೆ ಮೂಲೆಗೆ ಓಡಿ, ಏಳಡಿ ಎತ್ತರದ ಜೋಯೆಲ್ ಎಂಬೀಡ್ ಚಾಚಿದ ಕೈ ಮೇಲಿಂದ ಚೆಂಡು ಎಸೆದ. ಚೆಂಡು ರಿಂಗ್‌ಗೆ ಬಡಿಯಿತು. ಪುಟಿಯಿತು. ಒಂದಲ್ಲ, ನಾಲ್ಕು ಸಲ. ಆಮೇಲೆ ಒಳಗೆ ಬಿತ್ತು. ಟೊರಾಂಟೊ 92-90ರಿಂದ ಗೆದ್ದಿತು.

ಮುಂದೆ ಮಿಲ್ವಾಕಿ ಎದುರು 0-2 ಹಿಂದಿದ್ದವರು 4-2ರಿಂದ ಗೆದ್ದರು. ಜೂನ್ 13ರಂದು ಗೋಲ್ಡನ್ ಸ್ಟೇಟ್ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿ ಚಾಂಪಿಯನ್ ಆದರು. ಪ್ಲೇಆಫ್ ಅಂದರೆ ಕೈ ನಡುಗುತ್ತೆ ಅನ್ನಿಸಿಕೊಂಡಿದ್ದ ಕೈಲ್ ಲೌರಿ ಆ ಕೊನೆಯ ಪಂದ್ಯದಲ್ಲಿ 26 ಅಂಕ ಗಳಿಸಿದ.

ಒಂದೇ ರಾತ್ರಿಯಲ್ಲಿ ಪದಗಳೆಲ್ಲ ಅದಲು ಬದಲು! ಕಲ್ಲು ಮನಸ್ಸಿನ ಉಜಿರಿ ದೂರದೃಷ್ಟಿಯವರಾದರು. ಅನನುಭವಿ ನರ್ಸ್ ಧೈರ್ಯವಂತ ಪ್ರಯೋಗಶೀಲರಾದರು. ಲೌರಿ ಊರ ಮಗನಾದ. ತಂಡ ಹುಟ್ಟಿದಾಗಿನಿಂದ ಅಂಕಣದ ಪಕ್ಕ ಕೂತು ಕೂಗುತ್ತಿದ್ದ ಭಾರತ ಮೂಲದ ಸಿಖ್ ಅಭಿಮಾನಿ ನವ್ ಭಾಟಿಯಾ ಅವರಿಗೂ ತಂಡ ಚಾಂಪಿಯನ್ ಉಂಗುರ ತೊಡಿಸಿತು.

ಈಗ ಸ್ವಲ್ಪ ಯೋಚನೆ ಮಾಡಿ. ಆ ಚೆಂಡು ಹೊರಗೆ ಬಿದ್ದಿದ್ದರೆ ಐದು ನಿಮಿಷ ಹೆಚ್ಚುವರಿ ಆಟ. ಅದರಲ್ಲಿ ಏನು ಬೇಕಾದರೂ ಆಗಬಹುದಿತ್ತು. ಸೋತಿದ್ದರೆ ಉಜಿರಿ, ನರ್ಸ್, ಲೌರಿ ಮೂವರೂ ಅದೇ ಮನುಷ್ಯರು, ಅದೇ ಬುದ್ಧಿ, ಅದೇ ದುಡಿಮೆ. ಬದಲಾಗುತ್ತಿದ್ದುದು ನಮ್ಮ ಮಾತು ಮಾತ್ರ. ಫೈನಲ್‌ನಲ್ಲೂ ಎದುರಾಳಿಗಳ ಕೆವಿನ್ ಡ್ಯುರಾಂಟ್ ಐದನೇ ಪಂದ್ಯದಲ್ಲಿ, ಕ್ಲೇ ಥಾಂಪ್ಸನ್ ಆರನೇ ಪಂದ್ಯದಲ್ಲಿ ಗಾಯಗೊಂಡರು. ಇದರಿಂದ ಟೊರಾಂಟೊ ಗೆಲುವೇನೂ ಸಣ್ಣದಾಗಲ್ಲ. ಆದರೆ ಗೆಲುವಿನಲ್ಲಿ ಅದೃಷ್ಟದ ಪಾಲು ಎಷ್ಟು ಅಂತ ಯಾರೂ ಉಂಗುರದ ಮೇಲೆ ಕೆತ್ತಿಸುವುದಿಲ್ಲ.

‘ಮೆತ್ತಗಿನವನು’ ಗಟ್ಟಿಗನಾದ ಬಗೆ

ಡಲ್ಲಾಸ್ ತಂಡದ ಜರ್ಮನ್ ಆಟಗಾರ ಡರ್ಕ್ ನೊವಿಟ್ಸ್ಕಿ ಇನ್ನೊಂದು ಉದಾಹರಣೆ. 2006ರ ಫೈನಲ್‌ನಲ್ಲಿ ಮಯಾಮಿ ಎದುರು 2-0 ಮುಂದಿದ್ದ ಡಲ್ಲಾಸ್ ಸತತ ನಾಲ್ಕು ಪಂದ್ಯ ಸೋತಿತು. ಮುಂದಿನ ಸೀಸನ್ 67 ಗೆಲುವು, ಡರ್ಕ್‌ಗೆ ಎಂವಿಪಿ ಪ್ರಶಸ್ತಿ. ಆದರೆ ಮೊದಲ ಸುತ್ತಿನಲ್ಲೇ ಎಂಟನೇ ಶ್ರೇಯಾಂಕದ ತಂಡದ ಎದುರು ಮುಗ್ಗರಿಸಿದರು. ‘ಆಟ ಚಂದ, ಆದರೆ ಮೆತ್ತಗಿನ ಮನುಷ್ಯ’ ಅನ್ನೋ ಹಣೆಪಟ್ಟಿ ಅಂಟಿತು.

2011ರಲ್ಲಿ ಅದೇ ಮಯಾಮಿ ಎದುರು ಫೈನಲ್. ನಾಲ್ಕನೇ ಪಂದ್ಯವನ್ನು ಡರ್ಕ್ ಜ್ವರದಲ್ಲೇ ಆಡಿ ಗೆಲ್ಲಿಸಿದ. ಡಲ್ಲಾಸ್ 4-2ರಿಂದ ಚಾಂಪಿಯನ್. ಒಂಟಿ ಕಾಲ ಮೇಲೆ ಹಿಂದಕ್ಕೆ ವಾಲಿ ಎಸೆಯುವ ಅವನ ಎಸೆತ ಮೊದಲೂ ಅದೇ, ಆಮೇಲೂ ಅದೇ. ಅದರ ಹೆಸರು ಮಾತ್ರ ದೌರ್ಬಲ್ಯ ಹೋಗಿ ಬ್ರಹ್ಮಾಸ್ತ್ರ ಅಂತಾಯಿತು. ಆ ಫೈನಲ್ ಸೋತ ಲೆಬ್ರಾನ್‌ಗೆ ‘ಒತ್ತಡ ತಾಳದವನು’ ಅನ್ನೋ ಮಾತು ಬಿತ್ತು. 2012ರಲ್ಲಿ ಗೆದ್ದಾಗ ಆ ಮಾತೂ ಸದ್ದಿಲ್ಲದೆ ಮಾಯವಾಯಿತು.

ಹಾಗಾದರೆ ಉಂಗುರ ಸುಳ್ಳಾ?

ಹಾಗೇನಿಲ್ಲ. ಚಾಂಪಿಯನ್ ಆಗಲು ನಾಲ್ಕು ಸುತ್ತು, ಸುತ್ತಿಗೆ ನಾಲ್ಕರಂತೆ 16 ಗೆಲುವು ಬೇಕು. ಒಂದೇ ತಂಡದ ಜತೆ ಏಳು ಪಂದ್ಯದವರೆಗೂ ಸೆಣಸುವಾಗ ನಿಮ್ಮ ದೋಷವೆಲ್ಲ ಎದುರಾಳಿಗೆ ಬಾಯಿಪಾಠ ಆಗಿರುತ್ತೆ. ಬರೀ ಅದೃಷ್ಟದಿಂದ ಅಷ್ಟು ದೂರ ಹೋಗೋಕಾಗಲ್ಲ. ಉಂಗುರ ಹೇಳೋದು ಆ ವರ್ಷದ ಆ ತಂಡದ ಬಗ್ಗೆ. ಒಬ್ಬೊಬ್ಬರ ಯೋಗ್ಯತೆಗೆ ಅದೇ ಅಳತೆಗೋಲು ಅಂದಾಗಲೇ ಎಡವೋದು.

ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟ ಜಾನ್ ಸ್ಟಾಕ್ಟನ್, ಎರಡು ಸಲ ಎಂವಿಪಿ ಆದ ಕಾರ್ಲ್ ಮಲೋನ್, 1993ರ ಎಂವಿಪಿ ಚಾರ್ಲ್ಸ್ ಬಾರ್ಕ್ಲಿ, ಈ ಮೂವರಿಗೂ ಉಂಗುರ ಇಲ್ಲ. ಮೂವರೂ ಫೈನಲ್‌ನಲ್ಲಿ ಮೈಕಲ್ ಜೋರ್ಡನ್ ಎದುರು ಸೋತವರು! ಅದೇ ರಾಬರ್ಟ್ ಹಾರಿ ಹತ್ತಿರ 7 ಉಂಗುರ ಇವೆ, ಜೋರ್ಡನ್‌ಗಿಂತ ಒಂದು ಹೆಚ್ಚು. ಹಾಗಂತ ಹಾರಿಯೇ ದೊಡ್ಡವನು ಅಂತ ಯಾರೂ ಹೇಳಲ್ಲ. ಅಂದರೆ ಉಂಗುರದ ಲೆಕ್ಕವನ್ನು ನಾವು ಬೇಕಾದಾಗ ತೆಗೀತೀವಿ, ಬೇಡವಾದಾಗ ಒಳಗಿಡ್ತೀವಿ.

ಇನ್ನು ಉಂಗುರದ ಹೊಳಪಿಗೂ ವಾಯಿದೆ ಇದೆ. ಲೆನಾರ್ಡ್ ಗೆದ್ದ ಮುಂದಿನ ತಿಂಗಳೇ ಟೊರಾಂಟೊ ಬಿಟ್ಟ. ನರ್ಸ್ 2020ರಲ್ಲಿ ವರ್ಷದ ಕೋಚ್ ಆದರು, 2023ರಲ್ಲಿ ಅವರನ್ನೂ ಕಳಿಸಿದರು. ಚಾಂಪಿಯನ್ ತಂಡದಲ್ಲಿ ಮಿಂಚಿದ ಪ್ಯಾಸ್ಕಲ್ ಸಿಯಾಕಮ್, ಫ್ರೆಡ್ ವ್ಯಾನ್‌ವ್ಲೀಟ್ ಇಬ್ಬರೂ 2016ರಲ್ಲಿ ಬಂದು ಪಳಗಿದ್ದು ಕೇಸಿ ಅವರ ಕೈಕೆಳಗೆ. ನೆಲ ಹದ ಮಾಡಿದವರೊಬ್ಬರು, ಸುಗ್ಗಿ ಕಂಡವರು ಇನ್ನೊಬ್ಬರು.

ಮುಂದಿನ ಸಲ ಮನೆಯಲ್ಲಿ ಎಲ್ಲರೂ ಕೂತು ಯಾವುದಾದರೂ ಫೈನಲ್ ನೋಡುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ಕೋಚ್ ಹೇಗೆ, ಕ್ಯಾಪ್ಟನ್ ಹೇಗೆ ಅಂತ ಎಲ್ಲರೂ ಒಂದೊಂದು ಚೀಟಿಯಲ್ಲಿ ಎರಡೆರಡು ಸಾಲು ಬರೆದಿಡಿ. ಪಂದ್ಯ ಮುಗಿದ ಮೇಲೆ ಬಿಚ್ಚಿ ಓದಿ. ಸಂಜೆ ‘ಜಾಣ’ ಅಂತ ಬರೆದವರು ರಾತ್ರಿ ‘ದಡ್ಡ’ ಅನ್ನುತ್ತಿದ್ದರೆ ಚೀಟಿ ತೋರಿಸಿ, ಎಲ್ಲರೂ ಸೇರಿ ನಗಬಹುದು. ಮಕ್ಕಳ ಪರೀಕ್ಷೆಯ ರಿಸಲ್ಟ್ ಬರುವ ಹಿಂದಿನ ದಿನವೂ ಇಂಥದ್ದೊಂದು ಚೀಟಿ ಬರೆದಿಟ್ಟುಕೊಳ್ಳಿ. ವರ್ಷಪೂರ್ತಿ ಮಗು ಹೇಗೆ ಓದಿತು ಅನ್ನೋದು ರಿಸಲ್ಟ್ ಬರುವ ಮೊದಲೇ ನಿಮಗೆ ಗೊತ್ತಿರುತ್ತೆ.